ಹಳೇ ಸೈಕಲ್‌ಗೆ ಪೇಂಟ್ ಮೊದಲಾ, ಬ್ರೇಕ್ ಮೊದಲಾ?

ಪ್ರಶ್ನೆ: ಸರ್, ನೆಂಟರ ಮನೆ ಅಟ್ಟದಲ್ಲಿ ಬಿದ್ದಿದ್ದ ಹಳೇ ರ‍್ಯಾಲಿ ಸೈಕಲ್ ಒಂದು ನನ್ನ ಕೈಗೆ ಬಂದಿದೆ. ಮೂರು ಗೇರು, ಚರ್ಮದ ಸೀಟು, ಹಸಿರು ಬಣ್ಣ ಅಲ್ಲಲ್ಲಿ ಎದ್ದಿದೆ. ಹಿಂದಿನ ಹಬ್ (ಚಕ್ರದ ನಡುಭಾಗ) ಮೇಲೆ ಸ್ಟರ್ಮಿ ಆರ್ಚರ್ ಎಡಬ್ಲ್ಯು ಅಂತ ಇದ್ದು ಪಕ್ಕದಲ್ಲಿ 64, 8 ಅಂತ ಕೆತ್ತಿದೆ. ಮುಂದಿನ ಚಕ್ರದ ಮಧ್ಯೆ ದಪ್ಪ ಡಬ್ಬಿ ತರ ಏನೋ ಇದೆ, ಅದನ್ನೂ ಬಿಚ್ಚಿ ತೊಳೀಬೇಕಾ? ಹದಿನೈದು ವರ್ಷದಿಂದ ಯಾರೂ ಓಡಿಸಿಲ್ಲ. ರೇಸ್ ಗೀಸ್ ಏನಿಲ್ಲ, ಭಾನುವಾರ ಬೆಳಿಗ್ಗೆ ಆರಾಮಾಗಿ ಎಂಟು ಹತ್ತು ಕಿಲೋಮೀಟರ್ ಸುತ್ತೋಕೆ ಅಷ್ಟೇ. ಫ್ರೆಂಡ್ ಒಬ್ಬ ಮೊದಲು ಎಲ್ಲಾ ಬಿಚ್ಚಿ ಬ್ಲಾಸ್ಟಿಂಗ್ ಮಾಡಿಸಿ, ಅಂದ್ರೆ ಮರಳು ಊದಿಸಿ ಹಳೇ ಬಣ್ಣ ತೆಗೆಸಿ, ಪೌಡರ್ ಕೋಟ್ ಹೊಡೆಸು ಅಂತಿದಾನೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಫ್ರೆಂಡ್ ಮಾತನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಓಡೋ ಭಾಗ, ನಿಲ್ಲಿಸೋ ಭಾಗ, ನೋಡೋ ಭಾಗ ಕೊನೇಲಿ, ಆಮೇಲೆ ನನ್ನ ಕೇಳಿದ್ರೆ ನಿಮ್ಮ ಸೈಕಲ್‌ಗೆ ಹೊಸ ಪೇಂಟ್ ಬೇಡ್ವೇ ಬೇಡ. ನಾನು ನನ್ನ ಮೊದಲನೇ ರ‍್ಯಾಲಿಗೆ ಥೇಟ್ ಇದೇ ಕೆಲಸ ಮಾಡಿಸಿದ್ದೆ. ಫಳಫಳ ಅಂತ ಬಂತು, ಆದ್ರೆ ಚಿನ್ನದ ಬಣ್ಣದ ಸಣ್ಣ ಗೆರೆಗಳು, ಅಕ್ಷರ, ಲಾಂಛನ ಎಲ್ಲಾ ಹೋಗಿತ್ತು, ಅದು ಸಾಲದು ಅಂತ ಪೆಡಲ್ ಆಕ್ಸಲ್ ಕೂರೋ ಜಾಗದ ಥ್ರೆಡ್ ಒಳಗೂ ಪೌಡರ್ ಕೂತು ಕಪ್ಪು (ಬೇರಿಂಗ್ ಬಾಲ್ಸ್ ಕೂರೋ ಬಟ್ಟಲು) ಒಂದು ಸುತ್ತೂ ಹೋಗ್ಲಿಲ್ಲ. ಇಲ್ಲೊಂದು ಮುಖ್ಯ ವಿಷಯ ಇದೆ. ಬೇರೆ ಇಂಗ್ಲಿಷ್ ಸೈಕಲ್‌ಗಳಲ್ಲಿ ಆ ಜಾಗದ ಥ್ರೆಡ್ ಇಂಚಿಗೆ 24 ಇರುತ್ತೆ, ಆ ಕಾಲದ ರ‍್ಯಾಲಿಯವರದ್ದು ಅವರದೇ ಲೆಕ್ಕ, ಇಂಚಿಗೆ 26. ಎಲ್ಲಾ ಕಡೆ ಸಿಗೋ 24ರ ಟ್ಯಾಪ್ (ಥ್ರೆಡ್ ಕೊರೆಯೋ ಉಪಕರಣ) ಹಾಕಿ ಸ್ವಚ್ಛ ಮಾಡೋಕೆ ಹೋದ್ರೆ ಇರೋ ಥ್ರೆಡ್ಡೂ ಹೋಯ್ತು. ಅದಕ್ಕೇ ನಿಮ್ಮ ಸೈಕಲ್‌ನ ಹಳೇ ಕಪ್ಪುಗಳನ್ನ ಎಸೀಬೇಡಿ, ಸ್ವಲ್ಪ ಸವೆದಿದ್ರೂ ತೊಳೆದು ಅವನ್ನೇ ಹಾಕ್ಕೊಳ್ಳಿ.

64, 8 ಅಂದ್ರೆ ಆ ಹಬ್ಬು 1964ರ ಆಗಸ್ಟ್‌ದು. ಚಕ್ರ ನಡುವೆ ಯಾವಾಗಲಾದ್ರೂ ಬದಲಾಗಿಲ್ಲ ಅಂದ್ರೆ ಸೈಕಲ್ಲೂ ಹೆಚ್ಚು ಕಮ್ಮಿ ಅದೇ ವಯಸ್ಸು. ಎಡಬ್ಲ್ಯು ಅನ್ನೋ, ಒಳಗೇ ಮೂರು ಗೇರಿರೋ ಈ ಹಬ್ಬು 1936ರಲ್ಲಿ ಬಂದಿದ್ದು, ಎಣ್ಣೆ ಒಂದು ಸರಿಯಾಗಿ ಬಿಟ್ರೆ ಸಾಮಾನ್ಯಕ್ಕೆ ಸಾಯಲ್ಲ. ನಿಮ್ಮ ಅದೃಷ್ಟ ಚೆನ್ನಾಗಿದೆ ಅಂತ್ಲೇ ಹೇಳ್ಬೇಕು.

ಒಂದೇ ಒಂದು ಸ್ಪ್ಯಾನರ್ ಮುಟ್ಟೋ ಮುಂಚೆ ಫ್ರೇಮ್ ನೇರ ಇದೆಯಾ ನೋಡಿ. ಹ್ಯಾಂಡಲ್ ಕೆಳಗಿನ ದಪ್ಪ ಪೈಪ್ ಹಿಂದೆ, ಅಂದ್ರೆ ಕೆಳಕ್ಕೆ ಹೋಗೋ ಪೈಪು ಅದಕ್ಕೆ ಸೇರೋ ಜಾಗದಲ್ಲಿ, ಬೆರಳು ಆಡಿಸಿ. ಪೇಂಟ್ ಕೆಳಗೆ ಅಲೆ ತರ ಉಬ್ಬು ಸಿಕ್ಕಿದ್ರೆ ಆ ಸೈಕಲ್ ಯಾವತ್ತೋ ಎದುರಿಗೆ ಗುದ್ದಿದೆ. ಆಮೇಲೆ ಪಕ್ಕದಿಂದ ನೋಡಿ, ಫೋರ್ಕು ಮೇಲಿನ ಪೈಪಿನ ನೇರಕ್ಕೇ ಇಳಿದು ತುದೀಲಿ ಮಾತ್ರ ಮುಂದಕ್ಕೆ ಬಾಗಿರಬೇಕು, ಮೇಲಿಂದಲೇ ಹಿಂದಕ್ಕೆ ತಳ್ಳಿದ ಹಾಗೆ ಕಂಡ್ರೆ ಫೋರ್ಕ್ ಬೆಂಡ್ ಆಗಿದೆ ಅಂತ ಅರ್ಥ. ಕೊನೇದಾಗಿ ಒಂದು ದಾರ ತಗೊಂಡು ಹಿಂದಿನ ಚಕ್ರ ಕೂರೋ ಒಂದು ಕಡೆ ಕಟ್ಟಿ, ಮುಂದಿನ ಪೈಪ್ ಸುತ್ತಿಸಿ ಇನ್ನೊಂದು ಕಡೆಗೆ ತಂದು ಬಿಗಿಯಾಗಿ ಕಟ್ಟಿ, ಸೀಟಿನ ಪೈಪಿಗೂ ದಾರಕ್ಕೂ ಇರೋ ಅಂತರ ಎರಡೂ ಪಕ್ಕ ಅಳೀರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ರೆ ತಲೆ ಕೆಡಿಸ್ಕೋಬೇಡಿ. ಜಾಸ್ತಿ ಇದ್ರೆ ಬಲ್ಲವರಿಗೆ ತೋರಿಸಿ, ಅಲ್ಲಿವರೆಗೂ ಬೇರೆ ಯಾವುದಕ್ಕೂ ದುಡ್ಡು ಹಾಕ್ಬೇಡಿ.

ಇದರ ಜೊತೆಗೇ ಸೀಟಿನ ಕಂಬ, ಹ್ಯಾಂಡಲ್ ಕಂಬ ಎರಡೂ ಅಲ್ಲಾಡ್ತವಾ ನೋಡಿ, ಹದಿನೈದು ವರ್ಷ ನಿಂತಿದ್ರೆ ತುಕ್ಕು ಹಿಡಿದು ಕಚ್ಕೊಂಡಿರುತ್ತೆ. ಹ್ಯಾಂಡಲ್‌ದು ಸುಲಭ, ಮೇಲಿನ ಬೋಲ್ಟ್ ಮೂರ‍್ನಾಲ್ಕು ಸುತ್ತು ಮಾತ್ರ ಬಿಡಿಸಿ, ಅದರ ಮೇಲೆ ಮರದ ತುಂಡು ಇಟ್ಟು ಸುತ್ತಿಗೇಲಿ ಒಂದು ಏಟು ಹಾಕಿದ್ರೆ ಒಳಗಿನ ಗುಬುಟು ಕೆಳಗೆ ಬೀಳುತ್ತೆ, ಮುಂದಿನ ಚಕ್ರನ ಮಂಡಿ ನಡುವೆ ಹಿಡ್ಕೊಂಡು ತಿರುಗಿಸಿದ್ರೆ ಬರುತ್ತೆ. ಸೀಟಿನ ಕಂಬ ಬರಲಿಲ್ಲ ಅಂದ್ರೆ ಅವಸರ ಬೇಡ. ಪೆಡಲ್ ಆಕ್ಸಲ್ ಬಿಚ್ಚಿದ ಮೇಲೆ ಸೈಕಲ್ ತಲೆಕೆಳಗು ಮಾಡಿ, ಕೆಳಗಿಂದ ಆ ಪೈಪ್ ಒಳಗೆ ತುಕ್ಕು ಬಿಡಿಸೋ ಎಣ್ಣೆ ಹೊಯ್ದು ಮೂರು ದಿನ ಹಾಗೇ ಬಿಡಿ. ಮೇಲಿಂದ ಎಷ್ಟು ಸುರಿದ್ರೂ ತುದಿವರೆಗೆ ಹೋಗಲ್ಲ, ಕೆಳಗಿಂದ ಹಾಕಿದ್ರೆ ಕಚ್ಕೊಂಡಿರೋ ಜಾಗಕ್ಕೇ ನೇರ ಹೋಗುತ್ತೆ. ಚರ್ಮದ ಸೀಟನ್ನೇ ಹಿಡ್ಕೊಂಡು ತಿರುಗಿಸಬೇಡಿ ಮತ್ತೆ, ಅದರ ಕಬ್ಬಿಣದ ಚೌಕಟ್ಟು ತಿರುಚ್ಕೊಂಡ್ರೆ ಸರಿ ಮಾಡೋದು ಕಷ್ಟ.

ಈಗ ಕಾಟರ್ ಪಿನ್ನು. ಹಳೇ ಸೈಕಲ್ ರಿಪೇರಿಲಿ ಜಾಸ್ತಿ ಜನ ಅಳೋದು ಇಲ್ಲೇ. ಪೆಡಲ್ ಇರೋ ಕ್ರ್ಯಾಂಕನ್ನ ಆಕ್ಸಲ್‌ಗೆ ಹಿಡಿದಿರೋದು ಒಂದು ಬೆರಳಿಗಿಂತ ಚಿಕ್ಕ ಮೆತ್ತನೆ ಕಬ್ಬಿಣದ ಪಿನ್ನು, ನಿಮ್ಮದಕ್ಕೆ 9.5 ಮಿಲಿಮೀಟರ್ ದಪ್ಪದ್ದು, ಒಂದು ಮಗ್ಗುಲು ಚಪ್ಪಟೆ ಓರೆಯಾಗಿ ಉಜ್ಜಿರುತ್ತೆ, ಸಣ್ಣ ತುದಿಗೆ ನಟ್ಟು. ಎಲ್ಲರೂ ಮಾಡೋ ತಪ್ಪು ಏನಂದ್ರೆ ನಟ್ಟು ಪೂರ್ತಿ ತೆಗೆದು ಆ ಥ್ರೆಡ್ ಮೇಲೇ ದಬದಬ ಬಡಿಯೋದು. ಎರಡೇ ಏಟಿಗೆ ತುದಿ ಅಣಬೆ ತರ ಅರಳ್ಕೊಳುತ್ತೆ, ಆಮೇಲೆ ಅದು ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ, ಡ್ರಿಲ್ ಹಾಕಿ ಕೊರೆದೇ ತೆಗೀಬೇಕು. ನಾನು ಒಂದು ಇಡೀ ಭಾನುವಾರ ಹೀಗೇ ಕಳೆದಿದೀನಿ, ಎರಡು ಡ್ರಿಲ್ ಬಿಟ್ ಮುರಿದು. ಅದಲ್ಲದೆ ಕ್ರ್ಯಾಂಕ್ ಕೆಳಗೆ ಆಸರೆ ಇಲ್ದೇ ಬಡಿದ್ರೆ ಆ ಏಟೆಲ್ಲಾ ಹೋಗಿ ಬೀಳೋದು ಬಾಲ್ಸ್ ಮೇಲೆ, ಕಪ್ಪಲ್ಲಿ ಗುಳಿ ಬೀಳುತ್ತೆ.

ಸರಿಯಾದ ದಾರಿ ಹೀಗೆ. ಎರಡು ದಿನ ಮುಂಚೆ ತುಕ್ಕಿನ ಎಣ್ಣೆ ಬಿಡಿ. ನಟ್ಟನ್ನ ಪಿನ್ನಿನ ತುದಿಗೆ ಸಮ ಬರೋವರೆಗೆ ಮಾತ್ರ ಬಿಡಿಸಿ, ಪೂರ್ತಿ ತೆಗೀಬೇಡಿ, ಅದೇ ಥ್ರೆಡ್‌ನ ಕಾಯೋದು. ಸಾಧ್ಯ ಇದ್ರೆ ಕಾಟರ್ ಪಿನ್ ಪ್ರೆಸ್ಸು ಎರವಲು ತಗೊಳ್ಳಿ, ಇಲ್ಲಾಂದ್ರೆ ಗಟ್ಟಿ ಸಿ ಕ್ಲಾಂಪು, ದಪ್ಪ ತುದಿ ಕಡೆ ಪಿನ್ನು ಒಳಗೆ ಇಳಿಯೋ ಅಷ್ಟು ದೊಡ್ಡ ಸಾಕೆಟ್ ಇಟ್ಟು, ನಟ್ಟಿನ ಕಡೆಯಿಂದ ನಿಧಾನಕ್ಕೆ ಬಿಗಿ ಮಾಡ್ತಾ ಬಂದ್ರೆ ಒಂದು ಹಂತದಲ್ಲಿ 'ಟಣ್' ಅಂತ ಶಬ್ದ ಬರುತ್ತೆ. ಬೆಚ್ಚಿಬೀಳಬೇಡಿ, ಮುರಿದಿದ್ದಲ್ಲ, ಬಿಟ್ಕೊಂಡಿದ್ದು. ಸುತ್ತಿಗೇನೇ ಗತಿ ಅಂದ್ರೆ ಕ್ರ್ಯಾಂಕ್ ಕೆಳಗೆ ನೆಲದವರೆಗೆ ಮುಟ್ಟೋ ಕಬ್ಬಿಣದ ಪೈಪ್ ಆನಿಸಿ, ಒಂದೇ ಒಂದು ಗಟ್ಟಿ ಏಟು, ಹತ್ತು ಪುಕ್ಕಲು ಏಟಲ್ಲ. ತೆಗೆದ ಪಿನ್ನು ಮತ್ತೆ ಹಾಕ್ಬೇಡಿ. ಹೊಸದನ್ನ ಅರ ಹಾಕಿ ಉಜ್ಜಿ ಹೊಂದಿಸಬೇಕಾಗುತ್ತೆ, ಎರಡನ್ನೂ ಒಂದೇ ಅಳತೆಗೆ ಉಜ್ಜಿ, ಒಂದು ಜಾಸ್ತಿ ಒಂದು ಕಮ್ಮಿ ಆದ್ರೆ ಎರಡು ಪೆಡಲ್ ಒಂದೇ ನೇರಕ್ಕೆ ನಿಲ್ಲಲ್ಲ, ತುಳೀವಾಗ ಕುಂಟಿದ ಹಾಗೆ ಆಗುತ್ತೆ. ಎರಡೂ ಪಿನ್ನು ಒಂದಕ್ಕೊಂದು ಎದುರು ದಿಕ್ಕಲ್ಲಿ ಕೂರಬೇಕು. ಇನ್ನೊಂದು, ಪಿನ್ನನ್ನ ಒಳಗೆ ಎಳೆಯೋದು ನಟ್ಟಿನ ಕೆಲಸ ಅಲ್ಲ. ಮೊದಲು ಪ್ರೆಸ್ಸಲ್ಲೋ ಏಟಲ್ಲೋ ಪಿನ್ನು ಪೂರ್ತಿ ಕೂರಿಸಿ, ನಟ್ಟು ಬರೀ ಬಿಟ್ಟುಹೋಗದ ಹಾಗೆ ಕಾಯೋಕೆ. ನಟ್ಟಲ್ಲೇ ಎಳೀತೀನಿ ಅಂತ ಜೋರು ಮಾಡಿದ್ರೆ ಥ್ರೆಡ್ ಕಿತ್ಕೊಂಡು ಬರುತ್ತೆ.

ಕ್ರ್ಯಾಂಕ್ ಬಂತು ಅಂದ್ರೆ ಅರ್ಧ ಯುದ್ಧ ಗೆದ್ರಿ. ಎಡಗಡೆ ಲಾಕ್ ರಿಂಗು, ಕಪ್ಪು ಬಿಚ್ಚಿ, ಬಲಗಡೆ ಕಪ್ಪು ಮುಟ್ಟಬೇಡಿ, ಅದು ಉಲ್ಟಾ ಥ್ರೆಡ್ಡು, ಇದ್ದಲ್ಲೇ ಬಟ್ಟೆ ಹಾಕಿ ಒರೆಸಿದ್ರೆ ಸಾಕು. (ಎಡ ಪೆಡಲ್ಲೂ ಹಾಗೇ ಉಲ್ಟಾ, ಬಿಚ್ಚೋಕೆ ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಇದು ಗೊತ್ತಿಲ್ದೇ ಸ್ಪ್ಯಾನರ್ ಮೇಲೆ ಹತ್ತಿ ನಿಂತವರನ್ನ ನೋಡಿದೀನಿ.) ಬಿಚ್ಚೋವಾಗ ಕೆಳಗೆ ಅಗಲ ತಟ್ಟೆ ಇಟ್ಕೊಳ್ಳಿ, ಬಾಲ್ಸು ಉದುರುತ್ತೆ. ಕಾಲಿಂಚಿನ ಬಾಲ್ಸು ಒಂದೊಂದು ಕಡೆ ಹನ್ನೊಂದು. ಮುಂದಿನ ಹಬ್ಬು, ಹ್ಯಾಂಡಲ್ ಕಪ್ಪುಗಳದ್ದು ಇದಕ್ಕಿಂತ ಚಿಕ್ಕವು, ಅಳತೆ ಬೇರೆ ಬೇರೆ, ಅದಕ್ಕೆ ಒಂದೊಂದು ಜಾಗದ್ದು ಒಂದೊಂದು ಡಬ್ಬೀಲಿ ಹಾಕಿ ಎಣಿಸಿ ಬರೆದಿಡಿ. ಬಾಲ್ಸ್ ಹಳೇದು ಎಷ್ಟೇ ಹೊಳೀತಿದ್ರೂ ಹೊಸದೇ ಹಾಕಿ, ಇಡೀ ಸೈಕಲ್‌ನಲ್ಲಿ ಅತಿ ಅಗ್ಗದ ಸಾಮಾನು ಅದು. ಕೋನು (ಬಾಲ್ಸನ್ನ ಕಪ್ಪಿಗೆ ಒತ್ತಿ ಹಿಡಿಯೋ ಭಾಗ), ಕಪ್ಪು ಎಲ್ಲಾ ಸೀಮೆಎಣ್ಣೇಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿದು ನೋಡಿ, ಬಾಲ್ಸ್ ಓಡಿರೋ ಗೆರೆ ನುಣ್ಣಗಿದ್ರೆ ಸರಿ, ಸೂಜಿ ಚುಚ್ಚಿದ ಹಾಗೆ ಗುಳಿ ಇದ್ರೆ ಆ ಕೋನು ಬದಲಿಸಿ. ಆಮೇಲೆ ಗ್ರೀಸು, ಕಂಜೂಸ್ ಮಾಡದೇ.

ಅಂದಹಾಗೆ ಇದಕ್ಕೆಲ್ಲಾ ಓವರ್‌ಹಾಲಿಂಗ್ ಅಂತ ಹೆಸರು, ನಮ್ಮವರ ಬಾಯಲ್ಲಿ ಅದು ಓವರಾಯ್ಲಿಂಗ್ ಆಗಿದೆ. ಹೆಸರಿಗೆ ತಕ್ಕ ಹಾಗೆ ಎಷ್ಟೋ ಜನ ಒಳಗಿನ ಕೊಳೆ ತೆಗೀದೇ ಹೊರಗಿಂದ ಎಣ್ಣೆ ಸುರಿದು ಮುಗಿಸಿಬಿಡ್ತಾರೆ, ಅದು ಒಳಗೆ ಹೋಗಿ ಹಳೇ ಗ್ರೀಸ್ ಜೊತೆ ಸೇರಿ ಅಂಟು ಮಣ್ಣಾಗುತ್ತೆ.

ಮುಂದಿನ ಚಕ್ರ ಬಿಗಿ ಮಾಡೋದು ಹದದ ಕೆಲಸ. ಕೋನು ಜಾಸ್ತಿ ಬಿಗಿ ಆದ್ರೆ ಚಕ್ರ ಕರಕರ ಅನ್ನುತ್ತೆ, ಸಡಿಲ ಆದ್ರೆ ಅಡ್ಡಡ್ಡ ಆಡುತ್ತೆ. ನಾನು ನೋಡೋದು ಹೀಗೆ, ಸೈಕಲ್ ಮುಂದೆ ಎತ್ತಿ ಹಿಡಿದು ವಾಲ್ವ್‌ನ ಮೂರು ಗಂಟೆ ಮುಳ್ಳಿನ ಜಾಗಕ್ಕೆ ತಂದು ಬಿಡ್ತೀನಿ. ಆ ವಾಲ್ವ್ ತೂಕಕ್ಕೇ ಚಕ್ರ ತಾನಾಗಿ ಇಳಿದು, ಆಚೆ ಈಚೆ ಉಯ್ಯಾಲೆ ತರ ತೂಗಿ ನಿಧಾನಕ್ಕೆ ನಿಂತ್ರೆ ಹದ ಬಂತು. ಅರ್ಧಕ್ಕೇ ನಿಂತ್ರೆ ಕೋನು ಒಂಚೂರು ಬಿಡಿ.

ಮುಂದಿನ ಚಕ್ರದ ಆ ಡಬ್ಬಿ, ನೀವು ಕೇಳಿದ್ದು ಒಳ್ಳೇದಾಯ್ತು. ಬಹುಶಃ ಅದು ಡೈನೋಹಬ್ಬು, ಹಬ್ ಒಳಗೇ ಲೈಟಿಗೆ ಕರೆಂಟ್ ಮಾಡೋ ಡೈನಮೋ, ಎರಡು ವೈರ್ ಹಾಕೋ ಟರ್ಮಿನಲ್ ಇದ್ರೆ ಅದೇ. 6 ವೋಲ್ಟು, 2 ವ್ಯಾಟು, ಅಷ್ಟೇ. ಬಾಲ್ಸು ಗ್ರೀಸು ಬದಲಿಸಿ, ಆದ್ರೆ ಒಳಗಿನ ಅಯಸ್ಕಾಂತದ ಬಳೆನ ಮಧ್ಯದ ಕಾಯಿಲ್‌ನಿಂದ ಬೇರೆ ಮಾಡಲೇಬೇಡಿ. ಹಾಗೆ ಎಳೆದು ತೆಗೆದ ಕೂಡಲೇ ಅಯಸ್ಕಾಂತದ ಶಕ್ತಿ ಇಳಿದುಹೋಗುತ್ತೆ, ವಾಪಸ್ ಹಾಕಿದ್ರೂ ಬರಲ್ಲ, ಆಮೇಲೆ ಲೈಟು ಮಿಣುಕು ಹುಳ.

ಹಿಂದಿನ ಹಬ್ಬನ್ನ ಬಿಚ್ಚೋಕೇ ಹೋಗ್ಬೇಡಿ, ನಿಜವಾಗ್ಲೂ. ಹಬ್ ಮೇಲೆ ಚಿಕ್ಕ ಮುಚ್ಚಳ ಇರುತ್ತಲ್ಲ, ಅದನ್ನ ತೆಗೆದು ತೆಳು ಎಣ್ಣೆಗೆ ಸ್ವಲ್ಪ ಸೀಮೆಎಣ್ಣೆ ಸೇರಿಸಿ ಬಿಟ್ಟು, ಚಕ್ರ ಚೆನ್ನಾಗಿ ತಿರುಗಿಸಿ ಒಂದು ರಾತ್ರಿ ಮಗ್ಗುಲಿಗೆ ಮಲಗಿಸಿ. ಕಪ್ಪಗೆ ಸೋರೋದೆಲ್ಲಾ ಸೋರಲಿ. ಆಮೇಲೆ ಒಂದು ಟೀ ಚಮಚದಷ್ಟು 20 ನಂಬರ್ (ಎಸ್‌ಎಇ 20) ಎಣ್ಣೆ ಹಾಕಿ. ಮನೇಲಿ ಹೊಲಿಗೆ ಮಿಷನ್ನಿಗೆ ಹಾಕೋ ಎಣ್ಣೆ, ಸ್ಪ್ರೇ ಡಬ್ಬಿ ಇವೆಲ್ಲಾ ಇದಕ್ಕೆ ಬೇಡ. ನೂರಕ್ಕೆ ತೊಂಬತ್ತು ಸಲ ಗೇರ್ ಕೆಲಸ ಮಾಡ್ತಿಲ್ಲ ಅಂತ ಬರೋ ಹಬ್ಬು ಇಷ್ಟಕ್ಕೇ ಸರಿ ಹೋಗಿರೋದು ನಾನು ನೋಡಿರೋದು.

ಇನ್ನು ಗೇರ್ ಕೇಬಲ್ಲು. ಇದನ್ನ ಲಘುವಾಗಿ ತಗೋಬೇಡಿ, ಯಾಕಂದ್ರೆ ಈ ಹಬ್ಬಲ್ಲಿ ಎರಡನೇ ಗೇರಿಗೂ ಮೂರನೇ ಗೇರಿಗೂ ನಡುವೆ ಯಾವ ಗೇರೂ ಇಲ್ಲದ ಖಾಲಿ ಜಾಗ ಒಂದಿದೆ. ಕೇಬಲ್ ಒಂಚೂರು ಆಚೆ ಈಚೆ ಇದ್ದು ಅದು ಅಲ್ಲಿಗೆ ಜಾರಿದ್ರೆ ಪೆಡಲ್ ಗಾಳೀಲಿ ತಿರುಗಿದ ಹಾಗೆ ಸುಮ್ನೆ ಬಿದ್ದುಹೋಗುತ್ತೆ, ನೀವು ಆಗ ಎದ್ದು ನಿಂತು ತುಳೀತಿದ್ರೆ ನೇರ ಅಡ್ಡ ಪೈಪ್ ಮೇಲೆ. ನನಗೆ ಆಗಿದೆ, ವಿವರ ಬೇಡ. ಹೊಂದಿಸೋದು ಸುಲಭ, ಲಿವರ್ ಎರಡಕ್ಕೆ ಹಾಕಿ, ಬಲಗಡೆ ಆಕ್ಸಲ್ ನಟ್ಟಲ್ಲಿ ಕಿಟಕಿ ತರ ತೂತು ಇದೆ ನೋಡಿ, ಅದರಲ್ಲಿ ಇಣುಕಿ, ಸಣ್ಣ ಚೈನು ಸೇರ್ಕೊಂಡಿರೋ ಕಡ್ಡಿಯ ಭುಜ (ದಪ್ಪ ಭಾಗ ಮುಗಿಯೋ ಅಂಚು) ಆಕ್ಸಲ್ ತುದಿಗೆ ಸರಿಸಮ ಬರೋವರೆಗೆ ಅಡ್ಜಸ್ಟರ್ ತಿರುಗಿಸಿ ಲಾಕ್ ಮಾಡಿ. ಗೇರ್ ಬದಲಿಸೋವಾಗ ಒಂದು ಕ್ಷಣ ತುಳಿಯೋದು ನಿಲ್ಲಿಸಿ. ನಿಂತಲ್ಲೇ ಗೇರ್ ಹಾಕೋಕೂ ಇದರಲ್ಲಿ ಆಗುತ್ತೆ, ಸಿಗ್ನಲ್‌ನಲ್ಲಿ ಭಾಳ ಅನುಕೂಲ.

ನನ್ನ ಕೇಳಿದ್ರೆ ಹಿಂದಿನ ಪಲ್ಲಿ ಚಕ್ರನೂ (ಚೈನ್ ಕೂರೋ ಹಲ್ಲಿನ ಚಕ್ರ) ಬದಲಿಸಿ. ಇಂಥ ಸೈಕಲ್‌ಗೆ ಸಾಮಾನ್ಯವಾಗಿ ಮುಂದೆ 46 ಹಲ್ಲು ಹಿಂದೆ 18 ಹಲ್ಲು ಬರ್ತಿತ್ತು. ಎಡಬ್ಲ್ಯು ಹಬ್ಬಲ್ಲಿ ಎರಡನೇ ಗೇರು ನೇರ, ಮೊದಲನೇದು ಅದಕ್ಕಿಂತ ಕಾಲು ಭಾಗ ಹಗುರ, ಮೂರನೇದು ಮೂರನೇ ಒಂದು ಭಾಗ ಭಾರ. 18 ಹಲ್ಲಿಗೆ ಎರಡನೇ ಗೇರೇ ಸುಮಾರು 66 ಇಂಚು ಬರುತ್ತೆ (ಮುಂದಿನ ಹಲ್ಲನ್ನ ಹಿಂದಿನ ಹಲ್ಲಿಂದ ಭಾಗಿಸಿ ಚಕ್ರದ 26 ಇಂಚಿಂದ ಗುಣಿಸೋ ಲೆಕ್ಕ ಇದು, ಸಂಖ್ಯೆ ಹೆಚ್ಚಾದಷ್ಟೂ ತುಳಿಯೋದು ಭಾರ), ಮೂರನೇದು 88 ದಾಟುತ್ತೆ, ಅದನ್ನ ಇಳಿಜಾರಲ್ಲಿ ಬಿಟ್ರೆ ಯಾರು ತುಳೀತಾರೆ? 22 ಹಲ್ಲಿಂದು ಹಾಕಿದ್ರೆ 41, 54, 72 ಆಗುತ್ತೆ, ಮೂರೂ ಗೇರು ಉಪಯೋಗಕ್ಕೆ ಬರುತ್ತೆ, ಏರು ಬಂದಾಗ ಇಳಿದು ತಳ್ಳೋದು ತಪ್ಪುತ್ತೆ. ಒಂದು ಉಂಗುರದ ಸ್ಪ್ರಿಂಗ್‌ನ ಸ್ಕ್ರೂಡ್ರೈವರಲ್ಲಿ ಎಬ್ಬಿದ್ರೆ ಹಳೇದು ಕೈಗೆ ಬರುತ್ತೆ. ಚೈನು ಹೇಗೂ ಹೊಸದು ಬೇಕು, ಎಂಟನೇ ಒಂದು ಇಂಚು ಅಗಲದ್ದು, ಸ್ವಲ್ಪ ಉದ್ದ ಇಟ್ಟು ಕತ್ತರಿಸಿ. ಚೈನ್ ಲಾಕ್‌ನ ಕ್ಲಿಪ್ಪು ಹಾಕುವಾಗ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗೆ ಇರಲಿ. ನಡುವೆ ಬೆರಳಿಟ್ಟು ಒತ್ತಿದ್ರೆ ಅರ್ಧ ಇಂಚು ಆಡ್ಬೇಕು.

ಬ್ರೇಕು. ಇಲ್ಲಿ ಹಳೇ ಕಾಲದ ಮೇಲಿನ ಪ್ರೀತಿ ಸ್ವಲ್ಪ ಬಿಡಬೇಕು. ಕ್ರೋಮ್ ಹಾಕಿದ ಕಬ್ಬಿಣದ ರಿಮ್ಮು ಒಣಗಿದ್ದಾಗ ಪರವಾಗಿಲ್ಲ, ಒದ್ದೆ ಆದ್ರೆ ಬ್ರೇಕ್ ಹಿಡಿಯೋದೇ ಇಲ್ಲ ಅನ್ನಬಹುದು, ಎರಡು ಮೂರು ಸುತ್ತು ನೀರು ಒರೆಸ್ಕೊಂಡ ಮೇಲೆ ಹಿಡಿಯುತ್ತೆ. ಕೇಬಲ್ಲು ಒಳಗಿಂದು ಹೊರಗಿಂದು ಎರಡೂ ಹೊಸದು ಹಾಕಿ, ಕಲ್ಲಾಗಿರೋ ರಬ್ಬರ್ ಕಿತ್ತು ಈಗಿನ ಕಾಲದ ಮೆತ್ತನೆ ರಬ್ಬರ್ ಹಾಕಿ. ರಬ್ಬರ್ ಕೂರೋ ಲೋಹದ ಗೂಡಿನ ಒಂದು ತುದಿ ತೆರೆದಿರುತ್ತೆ, ಒಂದು ಮುಚ್ಚಿರುತ್ತೆ. ಮುಚ್ಚಿದ ತುದಿ ಸೈಕಲ್‌ನ ಮುಂದಿನ ಕಡೆಗೇ ಇರಬೇಕು. ಉಲ್ಟಾ ಹಾಕಿದ್ರೆ ಜೋರಾಗಿ ಬ್ರೇಕ್ ಹಿಡಿದಾಗ ರಿಮ್ಮು ರಬ್ಬರನ್ನೇ ಎಳ್ಕೊಂಡು ಹೋಗುತ್ತೆ, ಬೇಕಾದಾಗಲೇ ಬ್ರೇಕ್ ಮಾಯ. ಮಳೇಲೂ ಓಡಿಸೋ ಆಸೆ ಇದ್ರೆ ಮುಂದಿನ ಚಕ್ರಕ್ಕೆ ಮಾತ್ರ ಅಲ್ಯೂಮಿನಿಯಂ ರಿಮ್ ಕಟ್ಟಿಸಿ. ಮುಂದಿಂದೇ ಯಾಕೆ ಅಂದ್ರೆ ಸೈಕಲ್‌ನ ನಿಲ್ಲಿಸೋದು ಹೆಚ್ಚಾಗಿ ಮುಂದಿನ ಬ್ರೇಕೇ, ಜೊತೆಗೆ ಈ ಇಂಗ್ಲಿಷ್ ಸೈಕಲ್‌ಗಳಲ್ಲಿ ಮುಂದೆ 32 ಕಡ್ಡಿ, ಹಿಂದೆ 40. 32 ತೂತಿನ ರಿಮ್ಮು ಹುಡುಕಿದ್ರೆ ಸಿಗುತ್ತೆ, 40 ತೂತಿಂದು ಹುಡುಕಿ ಹುಡುಕಿ ಸುಸ್ತಾಗ್ತೀರ. ಹಳೇ ರಿಮ್ಮು ಎಸೀದೇ ಇಟ್ಕೊಂಡಿರಿ.

ಟಯರ್ ತರೋವಾಗ ಬರೀ 26 ಇಂಚು ಅಂತ ಕೇಳಿ ತಂದ್ರೆ ಕೆಟ್ರಿ. 26 ಅನ್ನೋ ಹೆಸರಲ್ಲಿ ನಾಲ್ಕೈದು ಅಳತೆ ಇದೆ, ಒಂದಕ್ಕೊಂದು ಕೂರಲ್ಲ, ಮೌಂಟನ್ ಬೈಕಿಂದು 559 (ರಿಮ್ಮಲ್ಲಿ ಟಯರ್ ಕೂರೋ ಜಾಗದ ವ್ಯಾಸ, ಮಿಲಿಮೀಟರಲ್ಲಿ). ನಿಮ್ಮದು 26 ಇಂಟು 1 3/8 ಅಂತ ಇದ್ರೆ ಟಯರ್ ಪಕ್ಕದಲ್ಲಿ 37-590 ಅಂತ ಇರೋದನ್ನ ಓದಿ ತಗೊಳ್ಳಿ. ಗಾಳಿ 50ರಿಂದ 60 ಪಿಎಸ್‌ಐ ಸಾಕು, ಹಳೇ ಕಬ್ಬಿಣದ ರಿಮ್ಮಿಗೆ ಟಯರ್ ಕಚ್ಚಿ ಹಿಡಿಯೋ ಕೊಕ್ಕೆ ಅಂಚಿಲ್ಲ, ಜಾಸ್ತಿ ತುಂಬಿದ್ರೆ ಟಯರ್ ಎದ್ದು ಬರುತ್ತೆ.

ಚರ್ಮದ ಸೀಟು ಒಣಗಿ ಗಟ್ಟಿಯಾಗಿರುತ್ತೆ. ಎಣ್ಣೇಲಿ ನೆನೆಸಿಟ್ಟು ಮೆತ್ತಗೆ ಮಾಡೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಜೋತುಬಿದ್ದು ತೊಟ್ಟಿಲಾಗುತ್ತೆ. ಸೀಟಿಗೇ ಅಂತ ಬರೋ ಮೇಣ ತೆಳ್ಳಗೆ, ಮೇಲೂ ಕೆಳಗೂ, ವಾರಕ್ಕೊಂದು ಸಲ ಮೂರು ನಾಲ್ಕು ವಾರ ಹಚ್ಚಿ. ಮೂತಿ ಕೆಳಗಿನ ಬೋಲ್ಟು ಸೀಟು ನಿಜವಾಗ್ಲೂ ಜೋತಿದ್ರೆ ಮಾತ್ರ ಕಾಲು ಸುತ್ತು ಬಿಗಿ ಮಾಡಿ. ರಿವೆಟ್ ಹತ್ರ ಆರ್‌ಪಾರ್ ಬಿರುಕು ಇದ್ರೆ ಕೂರಬೇಡಿ ಅಷ್ಟೇ.

ಪೇಂಟಿಗೆ ಬಂದ್ರೆ, ಕಾರ್ ತೊಳೆಯೋ ಸೋಪಿನ ನೀರು, ಮೆತ್ತನೆ ಬಟ್ಟೆ, ಒಣಗಿದ ಮೇಲೆ ವ್ಯಾಕ್ಸು. ಅಕ್ಷರಗಳ ಹತ್ರ ಪೆಟ್ರೋಲು ಥಿನ್ನರು ತರಲೇಬೇಡಿ, ಒಂದೇ ಒರೆಸಿಗೆ ಹೋಗುತ್ತೆ. ಆ ಕಾಲದ ಪೇಂಟಲ್ಲಿ ಸೀಸ ಇರಬಹುದು, ಒಣ ಉಪ್ಪುಕಾಗದ ಹಾಕಿ ಉಜ್ಜಿ ಧೂಳು ಕುಡೀಬೇಡಿ. ಕ್ರೋಮ್ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ ನೋಡಿ, ಹತ್ತು ನಿಮಿಷಕ್ಕೆ ಹ್ಯಾಂಡಲ್ ಗುರುತು ಸಿಗಲ್ಲ. ಪೇಂಟ್ ಎದ್ದಿರೋ ಚುಕ್ಕೆಗಳು ಹಾಗೇ ಇರಲಿ, ಎಣ್ಣೆ ಬಟ್ಟೇಲಿ ಆಗಾಗ ಒರೆಸಿ. ಅರವತ್ತು ವರ್ಷದ ಸೈಕಲ್ಲು ಅರವತ್ತು ವರ್ಷದ್ದರ ಹಾಗೇ ಕಂಡ್ರೆ ಯಾರಿಗೇನು ನಷ್ಟ!

ಓಡಿಸೋಕೆ ಶುರು ಮಾಡಿದ ಮೇಲೆ ಕೆಲಸ ಕಮ್ಮಿ. ಗಾಳಿ ವಾರಕ್ಕೊಮ್ಮೆ, ಚೈನು ಎರಡು ಮೂರು ವಾರಕ್ಕೊಮ್ಮೆ ಒರೆಸಿ ಎಣ್ಣೆ, ಮೇಲೆ ಉಳಿದಿದ್ದನ್ನ ಮತ್ತೆ ಒರೆಸಿ. ಹಿಂದಿನ ಹಬ್ಬಿಗೆ ತಿಂಗಳಿಗೊಂದು ಸಲ ನಾಲ್ಕೈದು ಹನಿ. ಗ್ರೀಸು ವರ್ಷಕ್ಕೊಮ್ಮೆ ಬಿಚ್ಚಿ ನೋಡಿದ್ರೆ ಸಾಕು. ಆದ್ರೆ ಮೊದಲ ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ಕಾಟರ್ ಪಿನ್ನನ್ನ ಇನ್ನೊಂದು ಸಲ ಒತ್ತಿ ಕೂರಿಸಿ ನಟ್ಟು ಬಿಗಿ ಮಾಡಿ, ಹೊಸ ಪಿನ್ನು ತುಳಿತಕ್ಕೆ ಸ್ವಲ್ಪ ಒಳಗೆ ಇಳಿದೇ ಇಳಿಯುತ್ತೆ. ಪೆಡಲ್ ಒಂದು ಸುತ್ತಿಗೆ ಒಂದೇ ಸಲ 'ಟಕ್' ಅಂತ ಕಾಲಿಗೆ ತಿಳಿಯೋ ಶಬ್ದ ಬಂತು ಅಂದ್ರೆ ಅದು ಅದೇ, ಆಮೇಲೆ ನೋಡೋಣ ಅಂತ ತುಳೀತಾ ಹೋಗ್ಬೇಡಿ, ಪಿನ್ನಿನ ಜೊತೆ ಕ್ರ್ಯಾಂಕಿನ ತೂತೂ ಅಗಲ ಆಗುತ್ತೆ. ಅವತ್ತೊಂದಿನ ಇಳಿದು ತಳ್ಕೊಂಡು ಮನೆಗೆ ಬನ್ನಿ.